ಶಕ್ತಿಯ ನಿಯಮವೋ, ಸಂವೇಗದ ನಿಯಮವೋ? ಲೆಕ್ಕ ಬಿಡಿಸುವ ಮೊದಲು ತೀರ್ಮಾನಿಸುವ ಬಗೆ

ಪ್ರಥಮ ಪಿಯುಸಿಯಲ್ಲಿ ಭೌತವಿಜ್ಞಾನ ಓದುತ್ತಿರುವವರು, ಅವರಿಗೆ ಮನೆಯಲ್ಲಿ ಪಾಠ ಹೇಳಿಕೊಡಲು ಕುಳಿತ ತಂದೆತಾಯಂದಿರು, ಪ್ರವೇಶ ಪರೀಕ್ಷೆಗೆ ತಯಾರಾಗುತ್ತಿರುವವರು, ಎಲ್ಲರೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಸೂತ್ರಗಳೆಲ್ಲ ಬಾಯಿಪಾಠವಾಗಿವೆ. ಹೊಸ ಲೆಕ್ಕವೊಂದು ಎದುರಾದಾಗ ಮಾತ್ರ ಶಕ್ತಿ ಸಂರಕ್ಷಣೆಯನ್ನು (ಒಟ್ಟು ಶಕ್ತಿ ಬದಲಾಗದು ಎಂಬ ನಿಯಮವನ್ನು) ಹಿಡಿಯಬೇಕೋ ಸಂವೇಗ ಸಂರಕ್ಷಣೆಯನ್ನು (ಒಟ್ಟು ಸಂವೇಗ ಬದಲಾಗದು ಎಂಬ ನಿಯಮವನ್ನು) ಹಿಡಿಯಬೇಕೋ ತಿಳಿಯುವುದಿಲ್ಲ. ಯಾವುದೋ ಒಂದನ್ನು ಹಿಡಿದು ಹೊರಟರೆ ಉತ್ತರ ತಪ್ಪುತ್ತದೆ, ಏಕೆ ತಪ್ಪಿತು ಎಂಬುದು ಗೊತ್ತಾಗದೆಯೇ ಮುಂದಿನ ಪಾಠ ಶುರುವಾಗಿಬಿಡುತ್ತದೆ. ಈ ಲೇಖನವನ್ನು ಆ ಒಂದು ಪ್ರಶ್ನೆಗಾಗಿಯೇ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಸಮಾಧಾನದ ಮಾತು. ಈ ಗೊಂದಲ ನಿಮ್ಮ ದಡ್ಡತನದ ಗುರುತಲ್ಲ. ಚಲಿಸುವ ವಸ್ತುವಿನಲ್ಲಿರುವ 'ಚಲನೆಯ ಪ್ರಮಾಣ'ವನ್ನು ಅಳೆಯಲು ರಾಶಿಯನ್ನು ಜವದಿಂದ ಗುಣಿಸಬೇಕು ಎಂದು ಫ್ರಾನ್ಸಿನ ಡೆಕಾರ್ಟ್ ಹೇಳಿದ್ದರು. ಅದು ತಪ್ಪು, ಜವದ ವರ್ಗದಿಂದ ಗುಣಿಸಬೇಕು ಎಂದು ಜರ್ಮನಿಯ ಲೈಬ್ನಿಟ್ಸ್ 1686ರಲ್ಲಿ ವಾದ ಹೂಡಿದರು. ಯುರೋಪಿನ ವಿದ್ವಾಂಸರು ಎರಡು ಪಂಗಡಗಳಾಗಿ ದಶಕಗಳ ಕಾಲ ಇದರ ಮೇಲೆ ಜಗಳವಾಡಿದರು. 'ಕೆಲಸ' ಎಂಬ ಪದಕ್ಕೆ ಇಂದಿನ ಖಚಿತ ಅರ್ಥ ಕೊಟ್ಟು, ಚಲನ ಶಕ್ತಿಯ ಸೂತ್ರದಲ್ಲಿ (½ × ರಾಶಿ × ವೇಗ²) ಮೊದಲಿಗೆ ಬರುವ ಆ ಅರ್ಧವನ್ನು ಸೇರಿಸಿದ ಕೊರಿಯೊಲಿಯವರ ಪುಸ್ತಕ ಬಂದದ್ದು 1829ರಲ್ಲಿ. ಅಷ್ಟು ಜನ ಅಷ್ಟು ಕಾಲ ತಡಕಾಡಿದ ಜಾಗದಲ್ಲಿ ಹದಿನಾರು ವರ್ಷದವರು ಒಂದು ವಾರ ಎಡವಿದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಆ ಜಗಳ ಬಗೆಹರಿದ ರೀತಿಯೇ ನಮಗೆ ಬೇಕಾದ ಕೀಲಿಕೈ. ಎರಡೂ ಪಂಗಡದವರು ಬಲದ ಪರಿಣಾಮವನ್ನೇ ಅಳೆಯುತ್ತಿದ್ದರು, ಆದರೆ ಬೇರೆ ಬೇರೆ ಕೋಲಿನಿಂದ. ಬಲವು ಎಷ್ಟು ದೂರದವರೆಗೆ ತಳ್ಳಿತು ಎಂದು ಕೇಳಿದರೆ ಉತ್ತರ ಶಕ್ತಿಯಲ್ಲಿ ಸಿಗುತ್ತದೆ. ಎಷ್ಟು ಹೊತ್ತು ತಳ್ಳಿತು ಎಂದು ಕೇಳಿದರೆ ಉತ್ತರ ಸಂವೇಗದಲ್ಲಿ ಸಿಗುತ್ತದೆ. ಮುಂದಿನ ಎಲ್ಲ ಹಂತಗಳೂ ಈ ಎರಡು ವಾಕ್ಯಗಳ ಮೇಲೆಯೇ ನಿಂತಿವೆ.

ಬೇಕಾದ ಸಾಮಗ್ರಿ

ಕಾಗದ, ಪೆನ್ಸಿಲ್, ಸಾಧಾರಣ ಕ್ಯಾಲ್ಕುಲೇಟರ್. ಜೊತೆಗೆ ಒಂದು ಕೇರಂ ಬೋರ್ಡು, ಗಣಪತಿ ಮಾಡಲು ಬಳಸುವಂಥ ಮೆತ್ತನೆಯ ಜೇಡಿಮಣ್ಣು, ಒಂದೇ ಗಾತ್ರದ ಎರಡು ಟೊಳ್ಳು ಪ್ಲಾಸ್ಟಿಕ್ ಚೆಂಡು, ಸ್ವಲ್ಪ ಮರಳು ಮತ್ತು ಅಡುಗೆಮನೆಯ ತಕ್ಕಡಿ ಇದ್ದರೆ ಎರಡು ಪ್ರಯೋಗಗಳನ್ನು ಕೈಯಾರೆ ಮಾಡಿ ನೋಡಬಹುದು. ದಯವಿಟ್ಟು ಮಾಡಿ ನೋಡಿ. ಓದಿ ಒಪ್ಪಿಕೊಳ್ಳುವುದಕ್ಕೂ ಕಣ್ಣಾರೆ ಕಂಡು ನಂಬುವುದಕ್ಕೂ ಬಹಳ ವ್ಯತ್ಯಾಸವಿದೆ.

ಹಂತ 1: ಪದಗಳ ಅರ್ಥವನ್ನು ಗಟ್ಟಿ ಮಾಡಿಕೊಳ್ಳಿ

ಕೆಲಸ, ಶಕ್ತಿ, ಸಾಮರ್ಥ್ಯ ಇವೆಲ್ಲ ದಿನಬಳಕೆಯ ಮಾತುಗಳು. ತೊಂದರೆ ಶುರುವಾಗುವುದೇ ಅಲ್ಲಿ. ಭೌತವಿಜ್ಞಾನ ಈ ಪದಗಳನ್ನು ಎರವಲು ಪಡೆದು ಅರ್ಥವನ್ನು ಕಿರಿದು ಮಾಡಿಕೊಂಡಿದೆ.

ಕೆಲಸ ಎಂದರೆ ಬಲ × ಆ ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರ. ಇದರ ಮಾನ ಜೂಲ್. ಎಂಟು ಮೀಟರ್ ಆಳದ ಬಾವಿಯಿಂದ, ಕೊಡವೂ ಸೇರಿ 15 ಕಿಲೋಗ್ರಾಂ ನೀರನ್ನು ಸೇದಿದಿರಿ ಎನ್ನೋಣ. ನೀವು ಮಾಡಿದ ಕೆಲಸ 15 × 9.8 × 8, ಅಂದರೆ 1176 ಜೂಲ್. (9.8 ಎಂಬುದು ಭೂಮಿಯ ಸೆಳೆತದಿಂದ ಬರುವ ವೇಗೋತ್ಕರ್ಷ, ರಾಶಿಯನ್ನು ಅದರಿಂದ ಗುಣಿಸಿದರೆ ತೂಕದ ಬಲ ನ್ಯೂಟನ್‌ನಲ್ಲಿ ಸಿಗುತ್ತದೆ.) ರಾಟೆ ಕಿರುಗುಟ್ಟುತ್ತಿದ್ದರೆ ಘರ್ಷಣೆಯ ಪಾಲು ಸೇರಿ ಇನ್ನೂ ಸ್ವಲ್ಪ ಹೆಚ್ಚಾಗುತ್ತದೆ. ಈಗ ಅದೇ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಸಮತಟ್ಟಾದ ಅಂಗಳದಲ್ಲಿ ಒಂದೇ ವೇಗದಲ್ಲಿ ಮನೆಯವರೆಗೆ ನಡೆದಿರಿ. ಕೊಡವನ್ನು ಹೊತ್ತ ಬಲ ಮೇಲ್ಮುಖವಾಗಿದೆ, ಕೊಡ ಸರಿದದ್ದು ಅಡ್ಡಲಾಗಿ. ಕೊಡದ ಮೇಲೆ ಆ ಬಲ ಮಾಡಿದ ಕೆಲಸ ಸೊನ್ನೆ.

"ಹಾಗಾದರೆ ಸುಸ್ತಾಗುವುದೇಕೆ?" ಎಂದು ಕೇಳಿಯೇ ಕೇಳುತ್ತೀರಿ, ಕೇಳಲೇಬೇಕು. ಸ್ನಾಯುಗಳು ಬಿಗಿಯಾಗಿರಬೇಕಾದರೆ ಒಳಗಿನ ತಂತುಗಳು ಒಂದೇ ಸಮನೆ ಎಳೆದು ಬಿಡುತ್ತಿರಬೇಕು. ಅದಕ್ಕೆ ಊಟದಿಂದ ಬಂದ ರಾಸಾಯನಿಕ ಶಕ್ತಿ ವೆಚ್ಚವಾಗಿ ಮೈ ಬಿಸಿಯಾಗುತ್ತದೆ. ನಿಮ್ಮ ಶ್ರಮ ಸುಳ್ಳಲ್ಲ, ಅದು ಕೊಡಕ್ಕೆ ಹೋಗಲಿಲ್ಲ ಅಷ್ಟೆ.

ಬಲ ಓರೆಯಾಗಿದ್ದರೆ ಅದರ ಒಂದು ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ. ನೆಲದಿಂದ 60 ಡಿಗ್ರಿ ಮೇಲಕ್ಕೆ ಹಗ್ಗ ಹಿಡಿದು 200 ನ್ಯೂಟನ್ ಬಲದಿಂದ ಮೂಟೆಯನ್ನು 5 ಮೀಟರ್ ಎಳೆದರೆ, 60 ಡಿಗ್ರಿಯ ಕೊಸೈನ್ ½ ಆದ್ದರಿಂದ, ಆದ ಕೆಲಸ 500 ಜೂಲ್. ಸಾವಿರವಲ್ಲ. ಬಲವು ಚಲನೆಗೆ ಎದುರಾಗಿದ್ದರೆ ಕೆಲಸಕ್ಕೆ ಋಣ ಚಿಹ್ನೆ ಬರುತ್ತದೆ. ಬ್ರೇಕು ಮಾಡುವುದು ಅಂಥ ಕೆಲಸ.

ಶಕ್ತಿ ಎಂದರೆ ಕೆಲಸ ಮಾಡಬಲ್ಲ ದಾಸ್ತಾನು. ಓಡುವ ವಸ್ತುವಿನಲ್ಲಿರುವುದು ಚಲನ ಶಕ್ತಿ, ½ × ರಾಶಿ × ವೇಗ². ಎತ್ತರದಲ್ಲಿರುವುದರಿಂದ ಬಂದದ್ದು ಪ್ರಚ್ಛನ್ನ ಶಕ್ತಿ, ಅಂದರೆ ಅಡಗಿ ಕುಳಿತ ಶಕ್ತಿ, ರಾಶಿ × 9.8 × ಎತ್ತರ.

ಸಾಮರ್ಥ್ಯ ಎಂದರೆ ಕೆಲಸ ಎಷ್ಟು ಬೇಗ ಆಯಿತು ಎಂಬುದು: ಸೆಕೆಂಡಿಗೆ ಇಷ್ಟು ಜೂಲ್. ಅದಕ್ಕೆ ವ್ಯಾಟ್ ಎನ್ನುತ್ತೇವೆ. ಪಂಪ್‌ಸೆಟ್ಟಿನ ಮೇಲೆ ಬರೆದಿರುವ ಒಂದು ಎಚ್‌ಪಿ ಎಂದರೆ 746 ವ್ಯಾಟ್.

ಸಂವೇಗ ಎಂದರೆ ರಾಶಿ × ವೇಗ. ಇದಕ್ಕೆ ದಿಕ್ಕು ಇದೆ. ಶಕ್ತಿಗೆ ದಿಕ್ಕಿಲ್ಲ. ಈ ವ್ಯತ್ಯಾಸವನ್ನು ಈಗಲೇ ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಿ, ಆರನೇ ಹಂತದಲ್ಲಿ ಅದು ಬಹಳ ತಪ್ಪುಗಳಿಂದ ಕಾಪಾಡುತ್ತದೆ.

ಹಂತ 2: ಮಾನಗಳನ್ನು ಮೊದಲೇ ಬದಲಿಸಿ

ಗ್ರಾಂ ಇದ್ದರೆ ಕಿಲೋಗ್ರಾಂ, ಸೆಂಟಿಮೀಟರ್ ಇದ್ದರೆ ಮೀಟರ್ ಮಾಡಿ. ಗಂಟೆಗೆ ಕಿಲೋಮೀಟರಿನಲ್ಲಿ ವೇಗ ಕೊಟ್ಟಿದ್ದರೆ 3.6ರಿಂದ ಭಾಗಿಸಿ: ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಇದನ್ನು ಕೊನೆಗೆ ಮಾಡಿದರಾಯಿತು ಎಂದುಕೊಂಡವರು ಚಲನ ಶಕ್ತಿಯಲ್ಲಿ ಜಾರುತ್ತಾರೆ, ಏಕೆಂದರೆ ಅಲ್ಲಿ ವೇಗದ ವರ್ಗವಿದೆ, ಕೊನೆಗೆ 3.6ರಿಂದ ಒಮ್ಮೆ ಭಾಗಿಸಿದರೆ ಸಾಲದು.

ಜೂಲ್ ಎಷ್ಟು ಚಿಕ್ಕದು ಎಂಬ ಅಂದಾಜೂ ಇರಲಿ. ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಮೇಲೆ ಹೇಳಿದ ಬಾವಿಯಿಂದ ಮೂರು ಸಾವಿರಕ್ಕೂ ಹೆಚ್ಚು ಕೊಡ ನೀರು ಸೇದಿದರೆ ಒಂದು ಯೂನಿಟ್ ಕೆಲಸವಾಗುತ್ತದೆ. ನನಗಂತೂ ಈ ಲೆಕ್ಕ ಮಾಡಿದ ಮೇಲೆ ಸ್ವಿಚ್ ಒತ್ತುವಾಗಲೆಲ್ಲ ಹಿಂದಿನವರ ತೋಳುಗಳು ನೆನಪಾಗುತ್ತವೆ.

ಹಂತ 3: ಗೆರೆ ಎಳೆಯಿರಿ

ಲೆಕ್ಕದ ಚಿತ್ರ ಬರೆದು, ನೀವು ಗಮನಿಸುತ್ತಿರುವ ವಸ್ತುಗಳ ಸುತ್ತ ಒಂದು ಚುಕ್ಕಿಗೆರೆ ಎಳೆಯಿರಿ. ಗೆರೆಯ ಒಳಗಿರುವುದಕ್ಕೆ ವ್ಯವಸ್ಥೆ ಎಂದು ಹೆಸರು. ಹೊರಗಿನಿಂದ ಒಳಕ್ಕೆ ಬರುವ ಬಲಗಳು ಬಾಹ್ಯ ಬಲಗಳು. ಈ ಹಂತವನ್ನು ಹಾರಿಸುವವರೇ ಹೆಚ್ಚು, ಆದರೆ ತೀರ್ಮಾನವೆಲ್ಲ ಇಲ್ಲಿಯೇ ಆಗುತ್ತದೆ.

ಮರದಿಂದ ಬೀಳುತ್ತಿರುವ ತೆಂಗಿನಕಾಯಿಯೊಂದನ್ನೇ ಗೆರೆಯೊಳಗೆ ಇಟ್ಟರೆ, ಭೂಮಿಯ ಸೆಳೆತ ಬಾಹ್ಯ ಬಲವಾಗುತ್ತದೆ. ಕಾಯಿಯ ಸಂವೇಗ ಕ್ಷಣಕ್ಷಣಕ್ಕೂ ಹೆಚ್ಚುತ್ತಿರುತ್ತದೆ. ಇಲ್ಲಿ ಸಂವೇಗ ಸಂರಕ್ಷಣೆ ಎನ್ನುವಂತಿಲ್ಲ. ಭೂಮಿಯನ್ನೂ ಗೆರೆಯೊಳಗೆ ತಂದುಕೊಂಡರೆ ಒಟ್ಟು ಸಂವೇಗ ಬದಲಾಗುವುದಿಲ್ಲ: ಕಾಯಿ ಕೆಳಕ್ಕೆ ಎಷ್ಟು ಸಂವೇಗ ಗಳಿಸಿತೋ ಭೂಮಿ ಮೇಲಕ್ಕೆ ಅಷ್ಟೇ ಗಳಿಸುತ್ತದೆ, ಆದರೆ ಅದರ ರಾಶಿ ಅಗಾಧವಾದ್ದರಿಂದ ವೇಗ ಕಾಣಿಸುವುದೇ ಇಲ್ಲ. ನಿಯಮ ಎರಡು ಕಡೆಯೂ ಅದೇ. ಬದಲಾದದ್ದು ನಿಮ್ಮ ಗೆರೆ.

ಗೆರೆ ಎಳೆದ ಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಿ. ನಾನು ನೋಡುತ್ತಿರುವ ದಿಕ್ಕಿನಲ್ಲಿ ಬಾಹ್ಯ ಬಲಗಳ ಮೊತ್ತ ಸೊನ್ನೆಯೇ, ಅಥವಾ ಘಟನೆ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿದುಹೋಗುವುದರಿಂದ ಆ ಬಲಗಳನ್ನು ಕೈಬಿಡಬಹುದೇ? ಹೌದಾದರೆ ಆ ದಿಕ್ಕಿನ ಸಂವೇಗ ಉಳಿಯುತ್ತದೆ. ಎರಡನೆಯದು: ಘರ್ಷಣೆ, ಜಜ್ಜುವಿಕೆ, ಅಂಟಿಕೊಳ್ಳುವಿಕೆ, ಸದ್ದು ಇವುಗಳಿಗೆ ಶಕ್ತಿ ಸೋರಿಹೋಗುತ್ತಿದೆಯೇ? ಇಲ್ಲವಾದರೆ ಚಲನ ಮತ್ತು ಪ್ರಚ್ಛನ್ನ ಶಕ್ತಿಗಳ ಮೊತ್ತ ಉಳಿಯುತ್ತದೆ. ಎರಡು ಪ್ರಶ್ನೆಗಳೂ ಬೇರೆ ಬೇರೆ. ಒಂದಕ್ಕೆ ಹೌದು ಎಂದ ಮಾತ್ರಕ್ಕೆ ಇನ್ನೊಂದಕ್ಕೂ ಹೌದು ಆಗಬೇಕಿಲ್ಲ.

ಹಂತ 4: ದೂರ ಕೊಟ್ಟಿದ್ದಾರೋ, ಕಾಲ ಕೊಟ್ಟಿದ್ದಾರೋ ನೋಡಿ

ಒಂದೇ ವಸ್ತುವನ್ನು ಬಲವೊಂದು ಓಡಿಸುವ ಅಥವಾ ನಿಲ್ಲಿಸುವ ಲೆಕ್ಕಗಳಲ್ಲಿ ಇದು ಎಲ್ಲಕ್ಕಿಂತ ಬೇಗ ದಾರಿ ತೋರಿಸುತ್ತದೆ. ಪ್ರಶ್ನೆಯಲ್ಲಿ ಮೀಟರ್ ಇದ್ದರೆ ಶಕ್ತಿ: ಒಟ್ಟು ಬಲ × ದೂರ = ಚಲನ ಶಕ್ತಿಯಲ್ಲಾದ ಬದಲಾವಣೆ. ಸೆಕೆಂಡ್ ಇದ್ದರೆ ಸಂವೇಗ: ಒಟ್ಟು ಬಲ × ಕಾಲ = ಸಂವೇಗದಲ್ಲಾದ ಬದಲಾವಣೆ. ಈ ಬಲ × ಕಾಲ ಎಂಬ ಗುಣಲಬ್ಧಕ್ಕೆ ಆವೇಗ ಎಂಬ ಹೆಸರಿದೆ.

ತೆಂಗಿನಕಾಯಿಯನ್ನೇ ಮುಂದುವರಿಸೋಣ. ರಾಶಿ 1.5 ಕಿಲೋಗ್ರಾಂ, ಮರದ ಎತ್ತರ 15 ಮೀಟರ್. ಗಾಳಿಯ ತಡೆಯನ್ನು ಬಿಟ್ಟರೆ ನೆಲ ಮುಟ್ಟುವ ಹೊತ್ತಿಗೆ ಚಲನ ಶಕ್ತಿ 1.5 × 9.8 × 15 = 220.5 ಜೂಲ್, ವೇಗ ಸೆಕೆಂಡಿಗೆ ಸುಮಾರು 17.1 ಮೀಟರ್. ಗಂಟೆಗೆ 62 ಕಿಲೋಮೀಟರ್! ತೆಂಗಿನ ಮರದ ಕೆಳಗೆ ಕೂರಬೇಡ ಎಂದು ಹಿರಿಯರು ಗದರಿಸುವುದು ಸುಮ್ಮನೆ ಅಲ್ಲ.

ಕಾಯಿ ಗಟ್ಟಿ ನೆಲದ ಮೇಲೆ ಬಿದ್ದು 2 ಸೆಂಟಿಮೀಟರ್ ಒಳಗೆ ನಿಂತಿತು ಎಂದಿಟ್ಟುಕೊಳ್ಳಿ. ದೂರ ಗೊತ್ತಿದೆ, ಆದ್ದರಿಂದ ಶಕ್ತಿ. 220.5ನ್ನು 0.02ರಿಂದ ಭಾಗಿಸಿದರೆ ಸರಾಸರಿ ಬಲ ಸುಮಾರು 11,000 ನ್ಯೂಟನ್. ಕೆಸರಿನಲ್ಲಿ ಬಿದ್ದು 10 ಸೆಂಟಿಮೀಟರ್ ಹೂತುಕೊಂಡು ನಿಂತರೆ ಸುಮಾರು 2,200 ನ್ಯೂಟನ್. (ಇದು ಕಾಯಿಯ ಮೇಲಿನ ಒಟ್ಟು ಬಲ, ನೆಲ ಒತ್ತುವ ಬಲ ಬೇಕಾದರೆ ಕಾಯಿಯ ತೂಕ 14.7 ನ್ಯೂಟನನ್ನು ಸೇರಿಸಿ.)

ಈಗ ಕೆಸರಿನ ಲೆಕ್ಕವನ್ನೇ ಕಾಲದ ಕಡೆಯಿಂದ ಮಾಡಿ. ಬಲ ಒಂದೇ ಸಮನಾಗಿದ್ದರೆ ವೇಗ 17.1ರಿಂದ ಸೊನ್ನೆಗೆ ಸಮವಾಗಿ ಇಳಿಯುತ್ತದೆ. ಸರಾಸರಿ ವೇಗ ಅದರ ಅರ್ಧ, 10 ಸೆಂಟಿಮೀಟರ್ ದಾಟಲು ಹಿಡಿಯುವ ಕಾಲ ಸುಮಾರು 0.0117 ಸೆಕೆಂಡ್. ಕಾಯಿಯ ಸಂವೇಗ 1.5 × 17.1, ಅಂದರೆ 25.7. ಇದನ್ನು 0.0117ರಿಂದ ಭಾಗಿಸಿ ನೋಡಿ. ಮತ್ತೆ ಸುಮಾರು 2,200. ಎರಡು ದಾರಿ, ಒಂದೇ ಊರು. ಪರೀಕ್ಷೆಯಲ್ಲಿ ದೂರ ಕೊಟ್ಟವರು ಮೊದಲ ದಾರಿಯನ್ನೂ ಕಾಲ ಕೊಟ್ಟವರು ಎರಡನೆಯ ದಾರಿಯನ್ನೂ ಹತ್ತಿರ ಮಾಡಿಕೊಟ್ಟಿರುತ್ತಾರೆ.

ಕ್ರಿಕೆಟ್ ಚೆಂಡು ಹಿಡಿಯುವವರು ಕೈ ಹಿಂದಕ್ಕೆ ಎಳೆದುಕೊಳ್ಳುವುದೂ, ಗೋಡೆಯಿಂದ ಜಿಗಿದವರು ಮಂಡಿ ಬಾಗಿಸುವುದೂ ಇದೇ ಲೆಕ್ಕ. ಕಾಲವೂ ದೂರವೂ ಹಿಗ್ಗಿದಷ್ಟು ಬಲ ಕುಗ್ಗುತ್ತದೆ.

ಇಲ್ಲೊಂದು ಪ್ರಯೋಗ. 18ನೇ ಶತಮಾನದ ಆರಂಭದಲ್ಲಿ ನೆದರ್ಲೆಂಡ್ಸಿನ ಗ್ರಾವೆಸಾಂಡೆ ಒಂದೇ ಗಾತ್ರದ, ಬೇರೆ ಬೇರೆ ತೂಕದ ಲೋಹದ ಗುಂಡುಗಳನ್ನು ಮೆತ್ತನೆಯ ಮಣ್ಣಿನ ಮೇಲೆ ಬೀಳಿಸಿ ಗುಳಿಗಳನ್ನು ಹೋಲಿಸಿದರು. ಫ್ರಾನ್ಸಿನ ಎಮಿಲಿ ದು ಶಾತ್ಲೆ ಆ ಫಲಿತಾಂಶವನ್ನು ಎತ್ತಿಹಿಡಿದು ವೇಗದ ವರ್ಗದ ಪರವಾಗಿ ಬಲವಾಗಿ ವಾದಿಸಿದರು. ನೀವು ಹೀಗೆ ಮಾಡಿ: ಎರಡು ಪ್ಲಾಸ್ಟಿಕ್ ಚೆಂಡುಗಳಿಗೆ ಸಣ್ಣ ತೂತು ಮಾಡಿ ಮರಳು ತುಂಬಿ, ಒಂದು 60 ಗ್ರಾಂ, ಇನ್ನೊಂದು 30 ಗ್ರಾಂ ಬರುವಂತೆ ತೂಗಿ, ತೂತಿಗೆ ಟೇಪ್ ಅಂಟಿಸಿ. ತಟ್ಟೆಯಲ್ಲಿ ಜೇಡಿಮಣ್ಣನ್ನು ನಯವಾಗಿ ಹರಡಿ. ಭಾರದ ಚೆಂಡನ್ನು ಅರ್ಧ ಮೀಟರಿನಿಂದ, ಹಗುರವಾದದ್ದನ್ನು ಒಂದು ಮೀಟರಿನಿಂದ ಬಿಡಿ. ಮಣ್ಣು ಮುಟ್ಟುವಾಗ ಎರಡರ ಶಕ್ತಿಯೂ 0.294 ಜೂಲ್, ಸಂವೇಗ ಮಾತ್ರ 0.188 ಮತ್ತು 0.133, ಅಂದರೆ ಬೇರೆ ಬೇರೆ. ಗುಳಿಗಳು ಹೆಚ್ಚುಕಡಿಮೆ ಒಂದೇ ಆಳ ಬರುತ್ತವೆ. ಮಣ್ಣನ್ನು ಒಳಕ್ಕೆ ಎಷ್ಟು ದೂರ ತಳ್ಳಲಾಯಿತು ಎಂಬುದನ್ನು ತೀರ್ಮಾನಿಸುವುದು ಶಕ್ತಿ ಎಂದು ಮಣ್ಣೇ ಹೇಳುತ್ತದೆ. ಮಣ್ಣು ತೀರಾ ಒಣಗಿದ್ದರೆ ಚೆಂಡು ಪುಟಿದು ಪ್ರಯೋಗ ಕೆಡುತ್ತದೆ, ಚಪಾತಿ ಹಿಟ್ಟಿನ ಹದವಿರಲಿ.

ಹಂತ 5: ಶಕ್ತಿಯ ಜಮಾಖರ್ಚು ಬರೆಯಿರಿ

ಶಕ್ತಿಯ ದಾರಿ ಎಂದು ತೀರ್ಮಾನವಾದರೆ ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ ಬರೆಯಿರಿ. ಮೊದಲು ಇದ್ದ ಶಕ್ತಿ, ಹೊರಗಿನಿಂದ ಬಂದದ್ದು, ಘರ್ಷಣೆಗೆ ಹೋದದ್ದು, ಕೊನೆಗೆ ಉಳಿದದ್ದು. ಎತ್ತರವನ್ನು ಎಲ್ಲಿಂದ ಅಳೆಯುತ್ತೀರಿ ಎಂಬುದನ್ನು ಮೊದಲೇ ಗುರುತಿಸಿ. ನೆಲದಿಂದ ಅಳೆದರೂ ಸರಿ, ಮೇಜಿನಿಂದ ಅಳೆದರೂ ಸರಿ. ನಡುವೆ ಬದಲಿಸಿದರೆ ಮಾತ್ರ ಕೆಟ್ಟಿತು.

ಬ್ರೇಕಿನ ಲೆಕ್ಕವನ್ನು ಎಲ್ಲರೂ ಒಮ್ಮೆ ಕೈಯಾರೆ ಮಾಡಬೇಕು ಎಂಬುದು ನನ್ನ ಆಸೆ, ಪರೀಕ್ಷೆ ಇರಲಿ ಬಿಡಲಿ. ಬೈಕಿನ ಚಲನ ಶಕ್ತಿಯನ್ನೆಲ್ಲ ರಸ್ತೆಯ ಘರ್ಷಣೆ ತಿಂದುಹಾಕಬೇಕು. ಘರ್ಷಣೆಯ ಬಲ = ಗುಣಾಂಕ × ರಾಶಿ × 9.8. ಗುಣಾಂಕ ಎಂದರೆ ಟೈರು ಮತ್ತು ರಸ್ತೆಯ ಹಿಡಿತವನ್ನು ಹೇಳುವ ಸಂಖ್ಯೆ; ಒಣ ಡಾಂಬರಿಗೆ 0.7 ಎಂದಿಟ್ಟುಕೊಳ್ಳೋಣ. ½ × ರಾಶಿ × ವೇಗ² = 0.7 × ರಾಶಿ × 9.8 × ದೂರ. ರಾಶಿ ಎರಡೂ ಕಡೆ ಹೊಡೆದುಹೋಗುತ್ತದೆ, ವೇಗದ ವರ್ಗ ಹಾಗೇ ಉಳಿಯುತ್ತದೆ.

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಿಡಿತ ಪೂರ್ತಿ ಸಿಕ್ಕಿದರೆ ನಿಲ್ಲಲು 9 ಮೀಟರ್ ಬೇಕು. 80ರಲ್ಲಿ? ಹದಿನೆಂಟಲ್ಲ, 36 ಮೀಟರ್. ಮಳೆ ಬಂದು ಗುಣಾಂಕ 0.4ಕ್ಕೆ ಇಳಿದರೆ 63 ಮೀಟರ್. ಇದಕ್ಕೆ, ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿನ 22 ಮೀಟರನ್ನು ಕೂಡಿಸಿ. ಎಂಬತ್ತೈದು ಮೀಟರ್. ನಿಮ್ಮ ಬೀದಿಯಲ್ಲಿ ಎಂಬತ್ತೈದು ಹೆಜ್ಜೆ ನಡೆದು ನೋಡಿ, ನಿಜವಾದ ದೂರ ಅದಕ್ಕಿಂತಲೂ ಹೆಚ್ಚು.

ಈ ಹಂತದಲ್ಲಿ ಪದೇ ಪದೇ ಕಾಣುವ ತಪ್ಪು, ಘರ್ಷಣೆಗೆ ಹೋದ ಶಕ್ತಿ 'ನಾಶವಾಯಿತು' ಎಂದು ಬರೆಯುವುದು. ಅದು ಶಾಖವಾಗಿರುತ್ತದೆ. ಜೋಗದಲ್ಲಿ 253 ಮೀಟರ್ ಧುಮುಕುವ ಪ್ರತಿ ಕಿಲೋಗ್ರಾಂ ನೀರು ಸುಮಾರು 2,480 ಜೂಲ್ ಬಿಟ್ಟುಕೊಡುತ್ತದೆ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದದ್ದು 4,186 ಜೂಲ್. ಆ ಶಕ್ತಿಯೆಲ್ಲ ನೀರಿನಲ್ಲೇ ಉಳಿದರೆ ಕೆಳಗಿನ ಗುಂಡಿಯ ನೀರು ಮೇಲಿನದಕ್ಕಿಂತ 0.6 ಡಿಗ್ರಿಯಷ್ಟು ಬೆಚ್ಚಗಿರಬೇಕು. ಜೇಮ್ಸ್ ಜೂಲ್ 1845ರಲ್ಲಿ ನಯಾಗರ ಜಲಪಾತಕ್ಕೆ ಇದೇ ಬಗೆಯ ಲೆಕ್ಕ ಹಾಕಿದ್ದರು. ಆ ನೀರನ್ನು ಕೊಳವೆಯಲ್ಲಿ ಇಳಿಸಿ ಟರ್ಬೈನ್ ತಿರುಗಿಸಿದರೆ, ಹಾಗೆ ಬೆಚ್ಚಗಾಗುವ ಬದಲು ಅದೇ ಶಕ್ತಿ ವಿದ್ಯುತ್ತಾಗಿ ಹೊರಬರುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದದ್ದು ಕಾವೇರಿಯ ಇದೇ ಪ್ರಚ್ಛನ್ನ ಶಕ್ತಿ.

ಹಂತ 6: ಡಿಕ್ಕಿ ಕಂಡರೆ ಮೊದಲು ಸಂವೇಗ

ಎರಡು ವಸ್ತುಗಳು ಡಿಕ್ಕಿಯಾದರೆ, ಸ್ಫೋಟವಾಗಿ ಬೇರೆಯಾದರೆ, ಒಂದಕ್ಕೊಂದು ಅಂಟಿಕೊಂಡರೆ, ಯೋಚನೆ ಮಾಡದೆ ಸಂವೇಗದ ಸಮೀಕರಣವನ್ನು ಬರೆದುಬಿಡಿ. ಡಿಕ್ಕಿಯ ಒಳಗಿನ ಬಲಗಳು ಜೋಡಿಯಾಗಿ, ಸಮನಾಗಿ, ಎದುರುಬದುರಾಗಿ ಇರುತ್ತವೆ, ಒಂದೇ ಹೊತ್ತು ಇರುತ್ತವೆ. ಒಬ್ಬ ಕಳೆದುಕೊಂಡ ಸಂವೇಗವನ್ನು ಇನ್ನೊಬ್ಬ ಪಡೆದೇ ಪಡೆಯುತ್ತಾನೆ. ಶಕ್ತಿಗೆ ಆ ಭರವಸೆ ಇಲ್ಲ, ಏಕೆಂದರೆ ಎರಡೂ ವಸ್ತುಗಳು ಒಂದೇ ದೂರ ಸರಿಯಬೇಕೆಂಬ ನಿಯಮವಿಲ್ಲ.

ರೈಲ್ವೆ ಯಾರ್ಡಿನಲ್ಲಿ 20 ಟನ್ನಿನ ವ್ಯಾಗನ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬಂದು, ನಿಂತಿದ್ದ 30 ಟನ್ನಿನ ವ್ಯಾಗನ್ನಿಗೆ ಸೇರಿಕೊಂಡಿತು. ಸಂವೇಗದಿಂದ: 20 × 2 = 50 × ವೇಗ, ಆದ್ದರಿಂದ ಸೆಕೆಂಡಿಗೆ 0.8 ಮೀಟರ್. ಶಕ್ತಿಯನ್ನು ಸಮ ಮಾಡಿದವರಿಗೆ 1.26 ಬರುತ್ತದೆ, ಅದು ತಪ್ಪು. ಮೊದಲಿದ್ದ ಚಲನ ಶಕ್ತಿ 40,000 ಜೂಲ್, ಸೇರಿಕೊಂಡ ಮೇಲೆ ಉಳಿದದ್ದು 16,000. ಮಿಕ್ಕ 24,000 ಜೂಲ್ ಆ ದೊಡ್ಡ 'ಧಡ್' ಸದ್ದಿಗೆ, ಸ್ಪ್ರಿಂಗುಗಳ ಒಳಗಿನ ಘರ್ಷಣೆಗೆ, ಕಬ್ಬಿಣದ ಬಿಸಿಗೆ ಹೋಯಿತು. ಹೀಗೆ ಚಲನ ಶಕ್ತಿ ಕಡಿಮೆಯಾಗುವ ಡಿಕ್ಕಿಗೆ ಅಸ್ಥಿತಿಸ್ಥಾಪಕ ಡಿಕ್ಕಿ ಎನ್ನುತ್ತಾರೆ. ಚಲನ ಶಕ್ತಿ ಪೂರ್ತಿ ಉಳಿಯುವುದು ಸ್ಥಿತಿಸ್ಥಾಪಕ ಡಿಕ್ಕಿ. ಪ್ರಶ್ನೆಯಲ್ಲಿ ಆ ಪದ ಇದ್ದರೆ ಮಾತ್ರ ಸಂವೇಗದ ಜೊತೆಗೆ ಶಕ್ತಿಯ ಸಮೀಕರಣವನ್ನೂ ಬರೆಯಿರಿ. ಇಲ್ಲದಿದ್ದರೆ ಬರೆಯಬೇಡಿ.

ಕೇರಂ ಕಾಯಿಗಳು ಸ್ಥಿತಿಸ್ಥಾಪಕತೆಗೆ ಸಾಕಷ್ಟು ಹತ್ತಿರ. ಬೋರ್ಡಿಗೆ ಪೌಡರ್ ಹಾಕಿ, ಒಂದೇ ತೂಕದ ಎರಡು ಕಾಯಿಗಳನ್ನು ತೆಗೆದುಕೊಂಡು ಒಂದನ್ನು ಇನ್ನೊಂದಕ್ಕೆ ನೇರವಾಗಿ ಬಡಿಯಿರಿ. ಹೊಡೆದ ಕಾಯಿ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ, ಪೆಟ್ಟು ತಿಂದದ್ದು ಓಡುತ್ತದೆ. ಓರೆಯಾಗಿ ತಾಗಿಸಿದರೆ ಎರಡೂ ಓಡುತ್ತವೆ, ಅವುಗಳ ದಾರಿಗಳ ನಡುವಿನ ಕೋನ 90 ಡಿಗ್ರಿಗೆ ಹತ್ತಿರ ಬರುತ್ತದೆ. ಪೆಟ್ಟು ಯಾವ ಓರೆಯಲ್ಲಿ ಬಿದ್ದರೂ ಆ ಲಂಬಕೋನ ಮರಳಿ ಮರಳಿ ಬರುವುದನ್ನು ಮೊದಲ ಸಲ ಕಂಡವರ ಮುಖ ಅರಳುವುದನ್ನು ನೋಡುವುದೇ ಒಂದು ಸಂತೋಷ. ಸಂವೇಗದ ಬಾಣಗಳು ತ್ರಿಕೋನವಾಗುತ್ತವೆ, ಶಕ್ತಿಯ ಸಮೀಕರಣ ಆ ತ್ರಿಕೋನಕ್ಕೆ ಪೈಥಾಗೊರಸ್ ಪ್ರಮೇಯವನ್ನು ಹೊಂದಿಸುತ್ತದೆ.

15 ಗ್ರಾಂ ಸ್ಟ್ರೈಕರ್, ನಿಂತಿರುವ 5 ಗ್ರಾಂ ಕಾಯಿಗೆ ನೇರವಾಗಿ ಬಡಿದರೆ? ಎರಡೂ ಸಮೀಕರಣ ಬಿಡಿಸಿದರೆ ಸ್ಟ್ರೈಕರ್ ತನ್ನ ಅರ್ಧ ವೇಗದಲ್ಲಿ ಮುಂದುವರಿಯುತ್ತದೆ, ಕಾಯಿ ಸ್ಟ್ರೈಕರಿನ ಮೂಲ ವೇಗದ ಒಂದೂವರೆ ಪಟ್ಟು ವೇಗದಲ್ಲಿ ಹಾರುತ್ತದೆ. ಸ್ಟ್ರೈಕರ್ ಕಾಯಿಯ ಹಿಂದೆಯೇ ಹೋಗಿ ಗುಳಿಗೆ ಬೀಳುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಎಚ್ಚರಿಕೆ: ದಿಕ್ಕಿನ ಚಿಹ್ನೆ. 0.16 ಕಿಲೋಗ್ರಾಂ ಚೆಂಡು ಗೋಡೆಗೆ ಸೆಕೆಂಡಿಗೆ 20 ಮೀಟರಿನಲ್ಲಿ ಬಡಿದು 15ರಲ್ಲಿ ಹಿಂದಿರುಗಿದರೆ ಸಂವೇಗದ ಬದಲಾವಣೆ 0.16 × 5 ಅಲ್ಲ, 0.16 × 35. ಒಂದು ದಿಕ್ಕನ್ನು ಧನ ಎಂದು ಬಾಣ ಹಾಕಿಕೊಳ್ಳದೆ ಸಂವೇಗದ ಲೆಕ್ಕಕ್ಕೆ ಕೈ ಹಾಕಲೇಬೇಡಿ.

ಹಂತ 7: ಘಟನೆಯನ್ನು ತುಂಡು ಮಾಡಿ

ಕಷ್ಟದ ಲೆಕ್ಕ ಎನ್ನಿಸುವವು ಬಹುಪಾಲು ಎರಡು ಸುಲಭದ ಲೆಕ್ಕಗಳ ಹೊಲಿಗೆ. ಹೊಲಿಗೆ ಎಲ್ಲಿದೆ ಎಂದು ಕಂಡುಹಿಡಿದರೆ ಅರ್ಧ ಮುಗಿಯಿತು.

ಬಂದೂಕಿನ ಗುಂಡಿನ ವೇಗ ಅಳೆಯುವ ಬಗೆಯೊಂದನ್ನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದರು. ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಕ್ಕು ಸಿಕ್ಕಿಕೊಳ್ಳುತ್ತದೆ, ದಿಮ್ಮಿ ತೂಗಿ ಮೇಲೇರುತ್ತದೆ. ಗುಂಡು 10 ಗ್ರಾಂ, ಗುಂಡೂ ಸೇರಿ ದಿಮ್ಮಿ 2 ಕಿಲೋಗ್ರಾಂ, ಮೇಲೇರಿದ ಎತ್ತರ 20 ಸೆಂಟಿಮೀಟರ್ ಎನ್ನಿ.

ಮೊದಲ ತುಂಡು, ಗುಂಡು ಹೊಕ್ಕ ಕ್ಷಣ: ಡಿಕ್ಕಿ, ಅಂಟಿಕೊಳ್ಳುವಿಕೆ. ಸಂವೇಗ ಮಾತ್ರ. ಎರಡನೆಯ ತುಂಡು, ದಿಮ್ಮಿ ಮೇಲೇರುವುದು: ಗುರುತ್ವ ಬಿಟ್ಟರೆ ಕೆಲಸ ಮಾಡುವ ಬಲವಿಲ್ಲ (ಹಗ್ಗದ ಎಳೆತ ಚಲನೆಗೆ ಲಂಬ). ಶಕ್ತಿ ಮಾತ್ರ. ಹಿಂದಿನಿಂದ ಬನ್ನಿ. 20 ಸೆಂಟಿಮೀಟರ್ ಏರಲು ಕೆಳಗೆ ಇರಬೇಕಾದ ವೇಗ, 2 × 9.8 × 0.2ರ ವರ್ಗಮೂಲ, 1.98. ಈಗ ಸಂವೇಗ: 0.01 × ಗುಂಡಿನ ವೇಗ = 2 × 1.98. ಗುಂಡಿನ ವೇಗ ಸೆಕೆಂಡಿಗೆ 396 ಮೀಟರ್.

ಮೊದಲಿನಿಂದ ಕೊನೆಯವರೆಗೆ ಶಕ್ತಿಯನ್ನೇ ಹಿಡಿದು ಹೊರಟವರಿಗೆ ಬರುವ ಉತ್ತರ ಸೆಕೆಂಡಿಗೆ 28 ಮೀಟರ್. ಅಷ್ಟು ವೇಗದಲ್ಲಿ ಕೈಯಿಂದ ಎಸೆದ ಕ್ರಿಕೆಟ್ ಚೆಂಡೂ ಹೋಗುತ್ತದೆ! ಗುಂಡಿನ ಚಲನ ಶಕ್ತಿ 784 ಜೂಲ್ ಇತ್ತು, ದಿಮ್ಮಿಯ ಓಟಕ್ಕೆ ಉಳಿದದ್ದು 3.92. ನೂರರಲ್ಲಿ ತೊಂಬತ್ತೊಂಬತ್ತೂವರೆ ಪಾಲು ಮರವನ್ನು ಸೀಳಿ ಬಿಸಿ ಮಾಡಲು ಹೋಗಿದೆ.

ಹಂತ 8: ಉತ್ತರವನ್ನು ತೂಗಿ ನೋಡಿ

ಮಾನ ಸರಿಯಿದೆಯೇ? ಡಿಕ್ಕಿಯ ನಂತರದ ಚಲನ ಶಕ್ತಿ ಮೊದಲಿಗಿಂತ ಹೆಚ್ಚಾಗಿದೆಯೇ? ಸ್ಫೋಟವೋ ಬಿಗಿದ ಸ್ಪ್ರಿಂಗೋ ಇಲ್ಲದೆ ಹೆಚ್ಚಾಗಿದ್ದರೆ ಚಿಹ್ನೆ ತಪ್ಪಿದೆ. ಅಂಟಿಕೊಂಡ ಮೇಲಿನ ವೇಗ ಎರಡು ಮೂಲ ವೇಗಗಳ ನಡುವೆ ಇದೆಯೇ? ಒಂದು ರಾಶಿಯನ್ನು ಮನಸ್ಸಿನಲ್ಲೇ ಬಹಳ ದೊಡ್ಡದು ಮಾಡಿ ನೋಡಿದರೆ ಸೂತ್ರ ನಂಬುವಂಥ ಉತ್ತರ ಕೊಡುತ್ತದೆಯೇ? ಇಷ್ಟಕ್ಕೆ ಅರ್ಧ ನಿಮಿಷ ಸಾಕು.

ಈಗ ನಿಮ್ಮದೇ ಒಂದು ಲೆಕ್ಕ. ಪಂಚಮಿಯ ಜೋಕಾಲಿಯ ಮಣೆ 6 ಕಿಲೋಗ್ರಾಂ, ನಿಶ್ಚಲವಾಗಿ ತೂಗುಬಿದ್ದಿದೆ. 30 ಕಿಲೋಗ್ರಾಂ ತೂಕದ ಹುಡುಗಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಓಡಿಬಂದು ಅಡ್ಡಲಾಗಿ ಮಣೆಯ ಮೇಲೆ ಹಾರಿ ಕುಳಿತು, ಅದರೊಡನೆ ತೂಗಿದಳು. ಎಷ್ಟು ಎತ್ತರ ಏರುತ್ತಾಳೆ? ಗೆರೆ ಎಳೆದು, ತುಂಡು ಮಾಡಿ, ಬಿಡಿಸಿ. ಸುಮಾರು 32 ಸೆಂಟಿಮೀಟರ್ ಬರಬೇಕು. 38 ಬಂದಿದ್ದರೆ ಕುಳಿತ ಕ್ಷಣವೂ ಒಂದು ಡಿಕ್ಕಿ ಎಂಬುದನ್ನು ಮರೆತಿದ್ದೀರಿ, ಆರನೇ ಹಂತಕ್ಕೆ ಹಿಂದಿರುಗಿ. 46 ಬಂದಿದ್ದರೆ ಮಣೆ ನಿಮ್ಮ ಗೆರೆಯಿಂದ ಹೊರಗೇ ಉಳಿದಿದೆ, ಮೂರನೇ ಹಂತವನ್ನು ಇನ್ನೊಮ್ಮೆ ಓದಿ.